ವಾಪಸ್ಸು ಬಾರದ ಸುರುಳಿ

"ಅಕ್ಕ, ಆರು ತಿಂಗಳಿಂದ ಒಂದೂ ದೂರು ಬಂದಿಲ್ಲ. ಈ ಪಟ್ಟಿಗೆ ಇನ್ನು ಯಾವ ನಿಯಮ ಸೇರಿಸಲಿ?" ಎಂದು ದಾಕ್ಷಾಯಣಿ ಕೇಳಿದಳು.

ಅಕ್ಕನವರು ನಡೆಸುತ್ತಿದ್ದ ಶಾಲೆಗೆ ನಾಲ್ಕು ಹಾಸ್ಟೆಲುಗಳಿದ್ದವು. ನಲವತ್ತು ಹೆಣ್ಣುಮಕ್ಕಳಿದ್ದ ಒಂದನ್ನು ಹೋದ ಜೂನ್‌ನಲ್ಲಿ ದಾಕ್ಷಾಯಣಿಯ ಕೈಗೆ ಕೊಟ್ಟಿದ್ದರು. ಅವಳು ಅಕ್ಕನ ಹಳೆಯ ಶಿಷ್ಯೆ. ಈಗ ಇಪ್ಪತ್ತೆಂಟು ನಿಯಮಗಳ ಪಟ್ಟಿ ಹಿಡಿದು ಬಂದಿದ್ದಳು. ಅಕ್ಕ ಅದರ ಕೆಳಗೆ ಸಹಿ ಹಾಕಿದರೆ ಉಳಿದ ಮೂರು ಹಾಸ್ಟೆಲುಗಳಿಗೂ ಅದೇ ಪಟ್ಟಿ.

ಅಕ್ಕ ಪೆನ್ನಿನ ಕ್ಯಾಪು ತೆಗೆದರು. "ಮೊದಲು ದೂರು ಬರುತ್ತಿತ್ತೇ?"

"ದಿನಕ್ಕೆ ಹತ್ತು. ಸಾರು ನೀರು. ಚಾಪೆ ಗಿಡ್ಡ. ಅವಳು ನನ್ನ ಬಾಚಣಿಗೆ ತೆಗೆದಳು. ಒಂದು ದೂರಿಗೆ ಒಂದು ನಿಯಮ ಮಾಡುತ್ತ ಬಂದೆ. ಇಪ್ಪತ್ತೆಂಟಕ್ಕೆ ಎಲ್ಲ ನಿಂತಿತು."

"ಯಾರೂ ಬಿಟ್ಟು ಹೋಗಲಿಲ್ಲವೇ?"

"ಒಬ್ಬಳು. ಸಂಕ್ರಾಂತಿಗೆ ಮುಂಚೆ ಟ್ರಂಕು ಎತ್ತಿಕೊಂಡು ಊರಿಗೆ ಹೋದಳು. ಅವಳೂ ಏನೂ ದೂರಲಿಲ್ಲ. ನನ್ನ ಕಾಲಿಗೆ ನಮಸ್ಕಾರ ಮಾಡಿಯೇ ಹೋದಳು."

ಅಕ್ಕ ಪೆನ್ನಿಗೆ ಮತ್ತೆ ಕ್ಯಾಪು ಹಾಕಿದರು. ಆಮೇಲೆ ಈ ಕತೆ ಹೇಳಿದರು.

ರೇಡಿಯೋ ಹೊಸದಾಗಿ ಬಂದ ಕಾಲ. ಒಂದು ಪೇಟೆಯಲ್ಲಿ ಒಬ್ಬ ಬೊಂಬೆಗಾರನಿದ್ದ. ಹೆಸರು ಕೆಂಚಾಚಾರಿ. ಹಾಲೆಮರವನ್ನು ಕಡೆದು, ಅದಕ್ಕೆ ಬಣ್ಣದ ಅರಗು ಹಿಡಿದು, ಕುದುರೆ, ಬುಗುರಿ, ಗಿಲಕಿ ಮಾಡುವುದು ಅವನ ಕಸುಬು. ಅವನ ಮನೆತನದ ಕುದುರೆಯನ್ನು ಅಪ್ಪ ಕಚ್ಚಿ, ಮಗ ಕಚ್ಚಿ, ಮೊಮ್ಮಗ ಕಚ್ಚಿದರೂ ಪೆಟ್ಟು ಬೀಳುತ್ತಿದ್ದದ್ದು ಹಲ್ಲಿಗೆ.

ಅದೇ ಪೇಟೆಯಲ್ಲಿ ರೇಡಿಯೋ ಕಟ್ಟುವವನೊಬ್ಬ ಇದ್ದ. ಪೆಟ್ಟಿಗೆ, ಬ್ಯಾಟರಿ, ವಾಲ್ವು ಎಲ್ಲ ಹೊಂದಿಸಿ ಹಳ್ಳಿಗಳಿಗೆ ಕಳಿಸುತ್ತಿದ್ದ. ಅವನಿಗಿದ್ದದ್ದು ಒಂದೇ ಕಾಟ. ರೇಡಿಯೋದ ಒಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಗಾಳಿಯಲ್ಲಿ ಬರುವ ಹಲವು ದನಿಗಳಲ್ಲಿ ಬೇಕಾದ ಒಂದನ್ನು ಆರಿಸಿ ಹಿಡಿಯುವುದು ಅದರ ಕೆಲಸ. ಕಾಗದದ ಕೊಳವೆಗೆ ಸುತ್ತಿದ ಆ ಸುರುಳಿ ಎತ್ತಿನ ಗಾಡಿಯಲ್ಲಿ ಎರಡು ಹರದಾರಿ ಹೋಗುವಷ್ಟರಲ್ಲಿ ಮುದುಕಿಯ ಕೈಬಳೆಯ ಹಾಗೆ ಸಡಿಲವಾಗಿ ಜಾರುತ್ತಿತ್ತು. ಸುರುಳಿ ಜಾರಿದರೆ ರೇಡಿಯೋ ಮೂಕ.

ಅವನು ಬೊಂಬೆಗಾರನ ಬಳಿ ಬಂದ.

"ಕೆಂಚಾಚಾರ್ರೇ, ಏನೇ ಆದ್ರೂ ಅಲುಗಾಡದೇ ಇರೋ ಸುರುಳಿ ಬೇಕು."

"ಅದರ ಕೆಲಸ ಏನು?"

"ಆಕಾಶದಿಂದ ಬರೋ ದನಿ ಹಿಡಿಯೋದು."

"ಅದು ಬಿಡಿ. ಅದನ್ನ ಎತ್ತಿ ಹಾಕೋವ್ರು ಯಾರು?"

"ಗಾಡಿಯವನು."

"ಹಾಗಾದ್ರೆ ಬೊಂಬೆನೇ ಅನ್ನಿ," ಎಂದ ಬೊಂಬೆಗಾರ. ಅವನ ಕಸುಬಿನಲ್ಲಿ ಲೋಕದ ವಸ್ತುಗಳೆಲ್ಲ ಮಗುವಿನ ಕೈಯಿಂದ ಬೀಳುವುದಕ್ಕೇ ಹುಟ್ಟಿದವು.

ಅವನು ಹಾಲೆಮರದ ದಪ್ಪ ಕೊಳವೆ ಕಡೆದ. ನೂಲು ಹೊದಿಸಿದ ತಂತಿಯನ್ನು ಒಂದು ಸುತ್ತಿಗೆ ಇನ್ನೊಂದು ಸುತ್ತು ತಾಗುವ ಹಾಗೆ ಬಿಗಿಯಾಗಿ ಸುತ್ತಿದ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಮೂರು ಸಲ ಬಳಿದ. ಒಣಗಿದ ಮೇಲೆ ಮಾಳಿಗೆ ಹತ್ತಿ ಅಂಗಳಕ್ಕೆ ಎಸೆದ. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಸುರುಳಿಗೆ ಏನೂ ಆಗಲಿಲ್ಲ.

ರೇಡಿಯೋದವನು ಅದನ್ನು ಅಂಗಡಿಯಲ್ಲಿ ಪೆಟ್ಟಿಗೆಗೆ ಕೂರಿಸಿ ಗುಂಡಿ ತಿರುಗಿಸಿದ. ಬೀದಿಯ ತುದಿಗೆ ಕೇಳುವ ಹಾಗೆ ಹಾಡಿತು. ರೇಡಿಯೋ ನಿಲಯದ ಕಂಬ ಆ ಅಂಗಡಿಯಿಂದ ಕೂಗಳತೆಯಲ್ಲಿತ್ತು. ಅಲ್ಲಿ ಬಾಣಲೆಗೆ ತಂತಿ ಕಟ್ಟಿದರೂ ಹಾಡಬಹುದಿತ್ತು. ಆದರೆ ಖುಷಿಯಲ್ಲಿರುವವರಿಗೆ ಇಂಥದ್ದು ಹೊಳೆಯುವುದಿಲ್ಲ.

ಪೆಟ್ಟಿಗೆಗಳು ಹಳ್ಳಿಗಳಿಗೆ ಹೋದವು. ಮೊದಲ ತಿಂಗಳು ಮೂರು ಸುರುಳಿಗಳು ವಾಪಸ್ಸು ಬಂದವು. ತಂತಿಯ ತುದಿ ಬಿಟ್ಟುಕೊಂಡಿತ್ತು. ಬೊಂಬೆಗಾರ ಮೂರು ಲೇಪವನ್ನು ಐದು ಮಾಡಿದ. ಆಮೇಲೆ ಎರಡು ಬಂದವು. ಇಲಿ ನೂಲು ಕಡಿದಿತ್ತು. ಅವನು ಮೇಲೊಂದು ಬಟ್ಟೆ ಸುತ್ತಿ ಬಟ್ಟೆಗೂ ಅರಗು ಕುಡಿಸಿದ. ಮಳೆಗಾಲದಲ್ಲಿ ಒಂದು ಬಂತು. ಮರ ಒಳಗಿನಿಂದ ಉಬ್ಬಿತ್ತು. ಕೊಳವೆಯ ಒಳಗೂ ಅರಗು ತುಂಬಿಸಿದ. ಒಂದು ದೂರು, ಒಂದು ಲೇಪ.

"ಒಳ್ಳೆಯ ಪದ್ಧತಿ," ಎಂದಳು ದಾಕ್ಷಾಯಣಿ.

"ಒಳ್ಳೆಯದೇ," ಎಂದರು ಅಕ್ಕ. "ಕೇಳು."

ಆಮೇಲೆ ಒಂದೂ ಸುರುಳಿ ವಾಪಸ್ಸು ಬರಲಿಲ್ಲ. ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ. ಬೊಂಬೆಗಾರ ಪ್ರತಿ ಸುರುಳಿಗೂ ಹಸಿರು ಅರಗಿನ ಒಂದು ಬಳೆ ಹಾಕತೊಡಗಿದ. ಅದು ಅವನ ಗುರುತು. ಹಸಿರು ಬಳೆಯ ಸುರುಳಿ ಎಂದರೆ ಮುರಿಯದ ಸುರುಳಿ ಎಂದು ಪೇಟೆಯಲ್ಲಿ ಮಾತಾಯಿತು.

"ವರ್ಷವಾಯ್ತು ಕಣೇ. ಒಂದಾದ್ರೂ ವಾಪಸ್ಸು ಬಂತಾ?" ಎಂದು ಹೆಂಡತಿಯ ಮುಂದೆ ಹೇಳಿಕೊಂಡ.

ಅವಳು ಗಿಲಕಿಗೆ ಬಣ್ಣ ಹಿಡಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಸುಡುಗಾಡಿಗೆ ಹೋದವರೂ ವಾಪಸ್ಸು ಬಂದಿಲ್ಲ," ಎಂದಳು.

ಅವನು ಹಾಸ್ಯ ಎಂದುಕೊಂಡು ನಕ್ಕ.

ಬೇಸಿಗೆಯಲ್ಲಿ ಹಾಲೆಮರ ತರಲು ಬೊಂಬೆಗಾರ ಕಾಡಿನ ಅಂಚಿನ ಒಂದು ಊರಿಗೆ ಹೋದ. ಪೇಟೆಯಿಂದ ಎರಡು ದಿನದ ದಾರಿ. ಮರ ಕೊಡುವವರ ಮನೆಯ ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತ ಕೂತಾಗ ಮೂಲೆಯಲ್ಲಿ ರೇಡಿಯೋ ಕಂಡಿತು. ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿದ್ದರು. ಬಟ್ಟೆಯ ಮೇಲೆ ಹಿತ್ತಾಳೆ ಚೊಂಬು ಇಟ್ಟಿದ್ದರು.

"ಇದರೊಳಗಿನ ಸುರುಳಿ ನಂದು ಕಣಮ್ಮ," ಎಂದ ಮನೆಯ ಸೊಸೆಗೆ.

"ನಿಮ್ದಾ? ಗಟ್ಟಿ ಇದೆ ಬಿಡಿ. ನಮ್ಮ ಕರು ಎರಡು ಸಲ ಬೀಳ್ಸಿದೆ."

ಬೊಂಬೆಗಾರ ಹಿಗ್ಗಿದ. "ಸ್ವಲ್ಪ ಹಾಕಮ್ಮ, ಕೇಳೋಣ."

ಅವಳು ಒಂದು ಕ್ಷಣ ತಡೆದಳು. ಆಮೇಲೆ ಚೊಂಬು ಇಳಿಸಿ, ಬಟ್ಟೆ ಮಡಿಸಿಟ್ಟು, ಗುಂಡಿ ತಿರುಗಿಸಿದಳು. ಕಂಬಳಿಯೊಳಗೆ ಮುಖ ಹುದುಗಿಸಿ ಮಾತಾಡಿದಂತೆ ಏನೋ ಬಂತು. ಒಂದು ದನಿ ಹಾಡುತ್ತಿತ್ತು. ಅದರ ಮೇಲೆಯೇ ಇನ್ನೊಂದು ದನಿ ವಾರ್ತೆ ಓದುತ್ತಿತ್ತು. ಹಾಡೂ ತಿಳಿಯಲಿಲ್ಲ, ವಾರ್ತೆಯೂ ತಿಳಿಯಲಿಲ್ಲ. ಬೊಂಬೆಗಾರ ಗುಂಡಿಯನ್ನು ತಾನೇ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ. ಎರಡು ದನಿ ಬೇರೆಯಾಗಲಿಲ್ಲ.

"ಯಾವಾಗ್ಲಿಂದ ಹೀಗೆ?"

"ಬಂದ ದಿನದಿಂದ."

"ಮತ್ತೆ ಯಾಕಮ್ಮ ದೂರು ಕೊಡಲಿಲ್ಲ?"

"ಏನಂತ ಕೊಡೋದು ಸ್ವಾಮಿ? ಒಡೆದಿಲ್ಲ, ಬಿರುಕು ಬಿಟ್ಟಿಲ್ಲ. ನಮ್ಮೂರಿಗೆ ಬರೋದೇ ಇಷ್ಟು ಅಂದ್ಕೊಂಡ್ವಿ."

ಆ ಸದ್ದು ಕೇಳಿ ಒಳಗಿನಿಂದ ಒಬ್ಬ ಮುದುಕ ಗೋಡೆ ಸವರಿಕೊಂಡು ಬಂದ. ಅವಳ ಮಾವ. ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ರೇಡಿಯೋ ತಂದದ್ದೇ ಅವನಿಗಾಗಿ. ಅವನು ಪೆಟ್ಟಿಗೆಯ ಪಕ್ಕ ಕೂತು ಮರಕ್ಕೆ ಕಿವಿ ಹಚ್ಚಿದ. ದಿನಾ ಸಂಜೆ ಹೀಗೇ ಕೂರುತ್ತಾನೆ ಎಂದಳು ಸೊಸೆ.

"ಏನು ಕೇಳಿಸ್ತದೆ ತಾತ?"

"ಜನ ಇದಾರೆ," ಎಂದ ಮುದುಕ.

"ಏನು ಹೇಳ್ತಾರೆ?"

"ಅದು ನಾಳೆ ಕೇಳಿಸ್ತದೆ."

ಬೊಂಬೆಗಾರ ಪೆಟ್ಟಿಗೆಯ ಹಿಂಬದಿ ಬಿಚ್ಚಿದ. ಹಸಿರು ಬಳೆ ಫಳಫಳ ಎನ್ನುತ್ತಿತ್ತು. ಸುರುಳಿಯನ್ನು ಹೊರಗೆ ತೆಗೆದು ಉಳಿಯಿಂದ ಅರಗು ಕೆರೆದ. ಅರಗಿನ ಜೊತೆ ಬಟ್ಟೆ ಬಂತು, ಬಟ್ಟೆಯ ಜೊತೆ ನೂಲು ಬಂತು, ನೂಲಿನ ಜೊತೆ ತಂತಿಯೇ ತುಂಡಾಯಿತು. ಹಸಿರು ಬಳೆಯ ಸುರುಳಿ ಮುರಿದದ್ದು ಅದೇ ಮೊದಲು. ಮುರಿದವನು ಅವನೇ.

"ಅಯ್ಯೋ ನಿಮ್ಮ! ಗುಂಯ್ ಅಂತಾದ್ರೂ ಅಂತಿತ್ತಲ್ರೀ! ಇನ್ನು ಇವ್ರು ಸಂಜೆ ಹೊತ್ತು ಏನು ಮಾಡ್ಬೇಕು?" ಎಂದು ಸೊಸೆ ಕೂಗಿದಳು.

"ಹದಿನೈದು ದಿನ ತಾತ. ಬೇರೆ ತರ್ತೀನಿ."

"ಎಪ್ಪತ್ತೆಂಟು ನಡೀತಾ ಇದೆ ನಂಗೆ," ಎಂದ ಮುದುಕ. "ಅದನ್ನ ನೋಡ್ಕೊಂಡು ಮಾಡು."

ಬೊಂಬೆಗಾರ ಮರ ಕೊಳ್ಳದೆ ಹಿಂತಿರುಗಿದ. ನೇರವಾಗಿ ರೇಡಿಯೋ ಅಂಗಡಿಗೆ ಹೋದ.

"ಅರಗು ದನಿಯನ್ನ ತಿನ್ನುತ್ತಾ?"

"ತಿನ್ನದೆ ಏನು? ಸುತ್ತಿಗೂ ಸುತ್ತಿಗೂ ನಡುವೆ ಗಾಳಿ ಇರ್ಬೇಕು. ಅಲ್ಲಿ ಮರ, ಬಟ್ಟೆ, ಅರಗು ತುಂಬಿದ್ರೆ ದನಿಯ ಬಲ ಅವೇ ಕುಡೀತವೆ. ಒಂದು ದನಿಗೂ ಇನ್ನೊಂದಕ್ಕೂ ಭೇದ ತಿಳಿಯಲ್ಲ. ಇಲ್ಲಿ ಕಂಬ ಹತ್ತಿರ, ಕುಡಿದ್ರೂ ಮಿಗತ್ತೆ. ಎರಡು ದಿನದ ದಾರಿ ದಾಟಿ ಬರೋ ದನಿ ಮೊದಲೇ ಬಡವಾಗಿರತ್ತೆ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನೀವು ಕೇಳಿದ್ದು, ಎತ್ತಿ ಹಾಕೋವ್ರು ಯಾರು ಅಂತ," ಎಂದ ರೇಡಿಯೋದವನು. ಕೈಯಲ್ಲಿದ್ದ ವಾಲ್ವು ಒರೆಸುತ್ತ, "ನಾನೂ ನೋಡ್ಲಿಲ್ಲ. ದೂರು ಬರ್ಲಿಲ್ಲವಲ್ಲ," ಎಂದು ಸೇರಿಸಿದ.

ಬೊಂಬೆಗಾರ ಕುದುರೆ ಬುಗುರಿಗಳನ್ನೆಲ್ಲ ಪಕ್ಕಕ್ಕಿಟ್ಟು ಸುರುಳಿಗೆ ಕೂತ. ಅರಗನ್ನೇ ಬಿಟ್ಟು, ನಡುವೆ ಸಂದು ಬಿಟ್ಟು ಒಂದು ಸುತ್ತಿದ. ಮಾಳಿಗೆಯಿಂದ ಎಸೆದಾಗ ತಂತಿಯೆಲ್ಲ ಒಂದು ಕಡೆ ಗುಪ್ಪೆಯಾಯಿತು. ಮರದ ಕೊಳವೆಯನ್ನು ತೆಳ್ಳಗೆ ಕಡೆದು ಇನ್ನೊಂದು ಸುತ್ತಿದ. ಕೊಳವೆ ಸೀಳಿತು. ಮೂರನೆಯದೂ ಕೆಟ್ಟಿತು. ನಾಲ್ಕನೆಯದಕ್ಕೆ ಕೈ ತಾನಾಗಿಯೇ ಅರಗಿನ ಡಬ್ಬಿಗೆ ಹೋಯಿತು.

ಆಗ ಹೆಂಡತಿ ತನ್ನ ಕೈಯಲ್ಲಿದ್ದ ಗಿಲಕಿಯನ್ನು ಅವನ ಕಿವಿಯ ಹತ್ತಿರ ಆಡಿಸಿದಳು.

"ನಲವತ್ತು ವರ್ಷದಿಂದ ಇದನ್ನ ಮಾಡ್ತಾ ಇದೀರಿ. ಗಟ್ಟಿಯಾಗ್ಲಿ ಅಂತ ಎಂದಾದ್ರೂ ಇದರೊಳಗೆ ಅರಗು ತುಂಬ್ಸಿದೀರಾ?"

ಬೊಂಬೆಗಾರ ಗಿಲಕಿಯನ್ನು ಇಸಿದುಕೊಂಡು ನೋಡಿದ. ಮೇಲೊಂದು ಬಿಲ್ಲೆ, ಕೆಳಗೊಂದು ಬಿಲ್ಲೆ, ನಡುವೆ ಆರು ಕಡ್ಡಿ. ಒಳಗೆ ಒಂದೆರಡು ಮರದ ಮಣಿ, ಉಳಿದದ್ದೆಲ್ಲ ಖಾಲಿ. ಅವನ ಅಂಗಡಿಯಿಂದ ಹೋದ ಗಿಲಕಿಗಳನ್ನು ಎಷ್ಟು ಮಕ್ಕಳು ಎಷ್ಟು ಸಲ ನೆಲಕ್ಕೆ ಕುಟ್ಟಿದ್ದವೋ. ಕುಟ್ಟಿದಷ್ಟೂ ಅವು ಸದ್ದು ಮಾಡಿದ್ದವು.

ಅವನು ಕೊಳವೆಯನ್ನೇ ಬಿಟ್ಟ. ಎರಡು ಬಿಲ್ಲೆ, ಆರು ಕಡ್ಡಿಗಳ ಪಂಜರ ಕಡೆದ. ತಂತಿಯ ಒಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ತನ್ನ ಸೊಂಟಕ್ಕೆ ಬಿಗಿದು, ಹಗ್ಗ ಹೊಸೆಯುವವನ ಹಾಗೆ ಹಿಂದಕ್ಕೆ ವಾಲಿದ. ತಂತಿ ಒಂದು ಬೆರಳಿನಷ್ಟು ಉದ್ದವಾಯಿತು. ಹಾಗೆ ಒಮ್ಮೆ ಎಳೆದ ತಂತಿಯಲ್ಲಿ ಸೊಟ್ಟ ಉಳಿಯುವುದಿಲ್ಲ. ಸುತ್ತಿದ ಕಡೆ ಅಂಟಿಕೊಂಡು ಕೂರುತ್ತದೆ. ಆ ತಂತಿಯ ಪಕ್ಕದಲ್ಲಿ ಒಂದು ದಾರವನ್ನೂ ಇಟ್ಟು ಎರಡನ್ನೂ ಕೂಡಿಯೇ ಪಂಜರಕ್ಕೆ ಸುತ್ತಿದ. ತಂತಿಯ ತುದಿಗಳನ್ನು ಬಿಲ್ಲೆಯ ರಂಧ್ರಗಳಲ್ಲಿ ಸಿಕ್ಕಿಸಿ ಭದ್ರ ಮಾಡಿದ. ಆಮೇಲೆ ದಾರವನ್ನು ಬಿಚ್ಚಿ ತೆಗೆದ. ಸುತ್ತಿಗೂ ಸುತ್ತಿಗೂ ನಡುವೆ ಒಂದು ದಾರದಷ್ಟು ಗಾಳಿ ಉಳಿಯಿತು.

ಕೊನೆಗೆ ಆರು ಕಡ್ಡಿಗಳ ಮೇಲೆ ತಂತಿ ತಾಗುವ ಕಡೆ ಮಾತ್ರ ಅರಗಿನ ಸಣ್ಣ ಗೆರೆ ಎಳೆದ. ಮೊದಲು ಒಂದು ಸುರುಳಿಗೆ ಹಿಡಿಯುತ್ತಿದ್ದ ಅರಗಿನಲ್ಲಿ ಈಗ ಐವತ್ತು ಆಗುತ್ತಿದ್ದವು.

ರೇಡಿಯೋದವನು ಬಂದು ನೋಡಿದ. "ಏನ್ರೀ ಇದು, ಬೊಂಬೆಯ ಎಲುಬು! ಇದು ಗಾಡಿ ತಡೆಯುತ್ತಾ?"

"ನೀವೇ ಎಸೀರಿ."

ರೇಡಿಯೋದವನು ಮಾಳಿಗೆ ಹತ್ತಿ ಎಸೆದ. ಸುರುಳಿ ಮೂರು ಸಲ ಪುಟಿದು ಉರುಳಿ ಬಚ್ಚಲ ಕಾಲುವೆಯಲ್ಲಿ ನಿಂತಿತು. ಒಂದು ಸುತ್ತೂ ಕದಲಿರಲಿಲ್ಲ. ಅಂಗಡಿಯಲ್ಲಿ ಹಾಕಿದಾಗ ಚೆನ್ನಾಗಿ ಹಾಡಿತು. ರೇಡಿಯೋದವನು ಚಪ್ಪಾಳೆ ತಟ್ಟಿದ.

"ಚಪ್ಪಾಳೆ ಇರಲಿ," ಎಂದ ಬೊಂಬೆಗಾರ. "ಇಲ್ಲಿ ಮೊದಲಿನದೂ ಹಾಡಿತ್ತು."

ಅವನು ಸುರುಳಿಯನ್ನು ಹತ್ತಿಯಲ್ಲಿ ಸುತ್ತಲಿಲ್ಲ, ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ಗಾಡಿಯ ಹಿಂದೆ, ಮೂಟೆಗಳ ನಡುವೆ ಹಾಕಿಕೊಂಡು ಎರಡು ದಿನ ಹೋದ.

ಪಡಸಾಲೆಯಲ್ಲಿ ಮುದುಕ ಅದೇ ಜಾಗದಲ್ಲಿ ಕೂತಿದ್ದ. "ಯಾರು?"

"ಹದಿನೈದು ದಿನ ಅಂದವನು ತಾತ."

"ಹದಿನೇಳಾಯ್ತು."

ಬೊಂಬೆಗಾರ ಸುರುಳಿ ಕೂರಿಸಿ ಗುಂಡಿ ತಿರುಗಿಸಿದ. ಮೊದಲು ಏನೂ ಬರಲಿಲ್ಲ. ಇನ್ನಷ್ಟು ತಿರುಗಿಸಿದ. ಒಬ್ಬ ಹೆಂಗಸಿನ ದನಿ ಬಂತು. ಹಾಡುತ್ತಿದ್ದಳು. ಅವಳೊಬ್ಬಳೇ. ಅವಳು ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಅಡುಗೆಮನೆಯಿಂದ ಸೊಸೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಮುದುಕ ಪೆಟ್ಟಿಗೆಗೆ ಕಿವಿ ಹಚ್ಚಲು ಬಗ್ಗಿದವನು ಅರ್ಧಕ್ಕೇ ನಿಂತು ನೆಟ್ಟಗೆ ಕೂತ. ಒಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹಾಡು ಮುಗಿಯಿತು.

"ಹೇಗಿದೆ ತಾತ?"

"ಕೊನೇ ಸಾಲಲ್ಲಿ ತಾಳ ತಪ್ಪಿದ್ಲು," ಎಂದ ಮುದುಕ.

"ಮಾವ! ಅಷ್ಟು ದೂರದಿಂದ ತಂದು ಹಾಕಿದ್ದಾರೆ. ಮೊದಲ ಮಾತೇ ತಕರಾರಾ?" ಎಂದಳು ಸೊಸೆ.

ಬೊಂಬೆಗಾರ ಹೊಸ್ತಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಮುಂದಿನ ಒಂದು ವರ್ಷ ಅವನು ಊರೂರು ತಿರುಗಿದ. ಹಸಿರು ಬಳೆಯ ಸುರುಳಿಗಳನ್ನೆಲ್ಲ ಬಿಚ್ಚಿ ತೆಗೆದು ಪಂಜರದ ಸುರುಳಿ ಹಾಕಿದ. ಮನೆಮನೆಯಲ್ಲಿ ಪೆಟ್ಟಿಗೆಯ ಮೇಲಿನ ಚೊಂಬು ಇಳಿಯಿತು.

ಒಂದು ದಿನ ರೇಡಿಯೋದವನು ಒಂದು ಹಿಡಿ ಕಾಗದ ಹಿಡಿದು ಬಂದ.

"ನೋಡಿ ಆಚಾರ್ರೇ ನಿಮ್ಮ ಪಂಜರದ ಪ್ರತಾಪ. ಮೊದಲು ವರ್ಷಕ್ಕೊಂದು ಕಾಗದವೂ ಬರ್ತಿರಲಿಲ್ಲ. ಈಗ ವಾರಕ್ಕೆ ಆರು. ಮಳೆ ಸುದ್ದಿ ಹೇಳೋನು ಮೂಗಲ್ಲಿ ಮಾತಾಡ್ತಾನಂತೆ. ನಾಟಕ ಅರ್ಧಕ್ಕೇ ನಿಲ್ಲಿಸಿದ್ರಂತೆ. ಆ ನಿಮ್ಮ ತಾತ ಮೂರು ಬರೆಸಿದ್ದಾನೆ, ತಾಳದ ಮೇಲೇ. ನಾನೇನು ಮಾಡಲಿ?"

"ಬರಲಿ ಬಿಡಿ," ಎಂದ ಬೊಂಬೆಗಾರ. "ಈಗ ಗಟ್ಟಿಯಾಯ್ತು."

ಅಕ್ಕ ಕತೆ ನಿಲ್ಲಿಸಿದರು.

ದಾಕ್ಷಾಯಣಿ ಬುದ್ಧಿವಂತೆ. ಕತೆ ಎಲ್ಲಿಗೆ ಹೊರಟಿದೆ ಎಂದು ಗಿಲಕಿಯ ಹೊತ್ತಿಗೇ ಅವಳಿಗೆ ತಿಳಿದಿತ್ತು. ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅರ್ಥವಾಯಿತು ಅಕ್ಕ. ಹದಿನಾಲ್ಕು ನಿಯಮ ತೆಗೆಯುತ್ತೇನೆ. ಅರ್ಧಕ್ಕರ್ಧ. ನಾಳೆಯೇ ಹೊಸ ಪಟ್ಟಿ ತರುತ್ತೇನೆ."

"ಯಾವ ಹದಿನಾಲ್ಕು?"

ದಾಕ್ಷಾಯಣಿ ಪಟ್ಟಿಯ ಮೇಲೆ ಬೆರಳಿಟ್ಟಳು. ಮೊದಲನೆಯದರಿಂದ ಕೊನೆಯದರವರೆಗೆ ಬೆರಳು ಹೋಯಿತು, ಮತ್ತೆ ಮೇಲಕ್ಕೆ ಬಂತು. ಎಲ್ಲಿಯೂ ನಿಲ್ಲಲಿಲ್ಲ.

"ನೀವೇ ಹೇಳಿಬಿಡಿ ಅಕ್ಕ. ಯಾವುದು ಹೆಚ್ಚಾಯಿತು ಎಂದು ನನಗೆ ಹೇಗೆ ತಿಳಿಯಬೇಕು?"

ಅಕ್ಕ ಪಟ್ಟಿಯ ಕಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡಿದರು.

"ಸಂಕ್ರಾಂತಿಗೆ ಮುಂಚೆ ಊರಿಗೆ ಹೋದಳಲ್ಲ, ಆ ಹುಡುಗಿಯ ದನಿ ಹೇಗಿತ್ತು?"

ದಾಕ್ಷಾಯಣಿ ಹೇಳಲು ಬಾಯಿ ತೆರೆದಳು. ಆ ಹುಡುಗಿಯ ನಮಸ್ಕಾರ ನೆನಪಿಗೆ ಬಂತು, ಅವಳ ದನಿ ನೆನಪಿಗೆ ಬರಲಿಲ್ಲ.